ಐಇಎಲ್‌ಟಿಎಸ್‌ನಲ್ಲಿ 7, ಜಿಆರ್‌ಇ ವರ್ಬಲ್‌ನಲ್ಲಿ 144: ಪದ ಉರು ಹೊಡೆದರೆ ಸಾಕಾ?

ಪ್ರಶ್ನೆ: ನಮ್ಮ ಊರು ಭಾಗಮಂಡಲದ ಹತ್ತಿರ. ಮನೆಯಲ್ಲಿ ಅರೆಭಾಷೆ, ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ್ದೇನೆ. ಅಮೆರಿಕದಲ್ಲಿ ಫಾರೆಸ್ಟ್ ಇಕಾಲಜಿ ಓದುವ ಆಸೆ. ಅಲ್ಲಿನ ಪದವಿ ನಂತರದ ಓದಿನ ಪ್ರವೇಶಕ್ಕೆ ಕೇಳುವ ಜಿಆರ್‌ಇ ಪರೀಕ್ಷೆಯನ್ನು ಮಾರ್ಚ್‌ನಲ್ಲಿ ಬರೆದೆ. ಗಣಿತದ ಭಾಗ ಕ್ವಾಂಟ್‌ನಲ್ಲಿ 157 ಬಂತು, ಇಂಗ್ಲಿಷ್ ಭಾಗವಾದ ವರ್ಬಲ್ ಮಾತ್ರ 144. ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 7 ಬಂದಿದೆ, ಹಾಗಾಗಿ ಇದು ಹೇಗಾಯಿತು ಅಂತ ಅರ್ಥವಾಗುತ್ತಿಲ್ಲ. ಬೆಂಗಳೂರಲ್ಲಿರುವ ದೊಡ್ಡಪ್ಪನ ಮಗ ಕೊಟ್ಟ ಪಟ್ಟಿಯಿಂದ ಸುಮಾರು ಸಾವಿರದ ಇನ್ನೂರು ಪದ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಅದರಲ್ಲಿ ಬಂದಿದ್ದು ಹತ್ತೋ ಹನ್ನೆರಡೋ. ಚಿಕ್ಕಪ್ಪ "ಇದೆಲ್ಲ ಕಾನ್ವೆಂಟ್‌ನವರಿಗೆ ಸರಿ, ನಮಗಲ್ಲ" ಅನ್ನುತ್ತಾರೆ. ಮತ್ತೆ ಬರೆಯಲಾ, ಬಿಡಲಾ? ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರಬೇಕಾ? ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ ಇದೆಯಂತೆ, ಅದನ್ನು ತೆಗೆದುಕೊಳ್ಳಬಹುದಾ? ಇನ್ನೊಂದು ವಿಷಯ, ನೆಗೆಟಿವ್ ಮಾರ್ಕ್ಸ್ ಭಯಕ್ಕೆ ನಾಲ್ಕು ಪ್ರಶ್ನೆ ಖಾಲಿ ಬಿಟ್ಟಿದ್ದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಜಿಆರ್‌ಇಯಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಆ ಭಯ ನಮ್ಮ ಮಕ್ಕಳ ಕೈಯಲ್ಲಿ ಉಳಿದುಬಿಟ್ಟಿದೆ. ಇಲ್ಲಿ ತಪ್ಪು ಉತ್ತರವೂ ಒಂದೇ, ಖಾಲಿ ಜಾಗವೂ ಒಂದೇ. ಇಡೀ ವರ್ಬಲ್‌ನಲ್ಲಿ ಇರುವುದೇ 27 ಪ್ರಶ್ನೆ. ಅದರಲ್ಲಿ ನಾಲ್ಕನ್ನು ಮುಟ್ಟದೆ ಬಂದಿದ್ದೀರಿ. ಐದು ಆಯ್ಕೆ ಇದ್ದ ಕಡೆ ಕಣ್ಣು ಮುಚ್ಚಿ ಒತ್ತಿದ್ದರೂ ಐದರಲ್ಲಿ ಒಂದು ಸಲ ಸರಿಯಾಗುತ್ತಿತ್ತು, ಅಲ್ವಾ? ಇದನ್ನು ಯಾರೂ ನಿಮಗೆ ಹೇಳಿರಲಿಲ್ಲ ಅನ್ನುವುದೇ ನನಗೆ ಬೇಜಾರು.

ಈಗ ಐಇಎಲ್‌ಟಿಎಸ್ ವಿಷಯ. ಅದರಲ್ಲಿ 7 ಬಂದಿದೆ ಅಂದರೆ ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಅನುಮಾನ ಬೇಡ. ಅಲ್ಲಿ ಕೇಳುವುದು ನೀವು ಆ ಭಾಷೆಯಲ್ಲಿ ಕೇಳಿ, ಓದಿ, ಬರೆದು, ಮಾತಾಡಿ ಕಾಲೇಜು ನಿಭಾಯಿಸಬಲ್ಲಿರಾ ಅಂತ. ಜಿಆರ್‌ಇ ವರ್ಬಲ್ ಕೇಳುವುದು ಬೇರೆ. ಬೇಕೆಂದೇ ಗಂಟು ಹಾಕಿದ ಒಂದು ವಾಕ್ಯ ಕೊಟ್ಟು, ಇದರ ವಾದ ಯಾವ ಕಡೆ ತಿರುಗಿತು ಹೇಳಿ ಅನ್ನುತ್ತದೆ. ಇಂಗ್ಲಿಷ್ ತಾಯಿನುಡಿಯಾದವರೂ ಇದರಲ್ಲಿ ಒದ್ದಾಡುತ್ತಾರೆ. 130ರಿಂದ 170ರವರೆಗಿನ ಅಳತೆಯಲ್ಲಿ ಸರಾಸರಿ 151ರ ಆಸುಪಾಸು. ನಿಮಗೂ ಆ ಸರಾಸರಿಗೂ ನಡುವೆ ಇರುವುದು ಆರೇಳು ಅಂಕ.

ಚಿಕ್ಕಪ್ಪನ ಮಾತಿಗೆ ಬರೋಣ. ಮಡಿಕೇರಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾ, ಸಂಜೆ ಹೊತ್ತು ಇಂಥ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುತ್ತಾ ನನಗೆ ಇಪ್ಪತ್ತು ವರ್ಷ ಆಯಿತು. ಬೋರ್ಡಿಂಗ್ ಸ್ಕೂಲಿನಲ್ಲಿ ಓದಿ ಪಟಪಟ ಇಂಗ್ಲಿಷ್ ಮಾತಾಡುವ ಮಕ್ಕಳು 147, 148 ತಂದು ಮುಖ ಸಣ್ಣ ಮಾಡಿಕೊಂಡು ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ತೊಂದರೆ ಏನು ಗೊತ್ತಾ? ಕಿವಿಗೆ ಹಿತವಾಗಿ ಕೇಳಿಸಿದ್ದನ್ನು ಆರಿಸಿಬಿಡುತ್ತಾರೆ. ವಾಕ್ಯವನ್ನು ಬಿಡಿಸಿ ನೋಡುವ ತಾಳ್ಮೆ ಇರುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಆ ಆತುರ ಕಡಿಮೆ. ಅವರ ಕಷ್ಟ ಬೇರೆ ಕಡೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ದೊಡ್ಡಪ್ಪನ ಮಗ ಕೊಟ್ಟ ಪಟ್ಟಿ ಎಲ್ಲಿಂದ ಬಂತು ಅನ್ನುವುದಕ್ಕೂ ಒಂದು ಕಥೆ ಇದೆ. 2011ರ ಆಗಸ್ಟ್‌ಗೆ ಮುಂಚೆ ಜಿಆರ್‌ಇಯಲ್ಲಿ ವಿರುದ್ಧಪದ ಹುಡುಕುವ ಪ್ರಶ್ನೆಗಳಿದ್ದವು, ಪದಜೋಡಿಗಳ ಸಂಬಂಧ ಹುಡುಕುವ ಪ್ರಶ್ನೆಗಳೂ ಇದ್ದವು. ಪದ ಗೊತ್ತಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಆಗ ಮೂರು ಸಾವಿರ ಪದ ಉರು ಹೊಡೆದವನು ಗೆಲ್ಲುತ್ತಿದ್ದ. ಆ ಪ್ರಶ್ನೆಗಳು ಹೋಗಿ ಬಹಳ ವರ್ಷವಾಯಿತು, ಪಟ್ಟಿಗಳು ಮಾತ್ರ ಫೋನಿಂದ ಫೋನಿಗೆ ಓಡಾಡುತ್ತಲೇ ಇವೆ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯನ್ನು ಇನ್ನೂ ಚಿಕ್ಕದು ಮಾಡಿದರು. ಈಗ ಒಟ್ಟು 1 ಗಂಟೆ 58 ನಿಮಿಷ. ವರ್ಬಲ್ ಎರಡು ಸೆಕ್ಷನ್: 18 ನಿಮಿಷಕ್ಕೆ 12 ಪ್ರಶ್ನೆ, 23 ನಿಮಿಷಕ್ಕೆ 15 ಪ್ರಶ್ನೆ. ಅದರಲ್ಲಿ ಹೆಚ್ಚೂಕಡಿಮೆ ಅರ್ಧ ಪ್ಯಾಸೇಜ್ ಓದಿ ಉತ್ತರಿಸುವಂಥವು. ಉಳಿದವು ವಾಕ್ಯದಲ್ಲಿ ಬಿಟ್ಟ ಜಾಗ ತುಂಬುವಂಥವು. ಮೊದಲ ಸೆಕ್ಷನ್ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಎಷ್ಟು ಕಷ್ಟದ್ದು ಬರುತ್ತದೆ ಅನ್ನುವುದು ನಿರ್ಧಾರವಾಗುತ್ತದೆ. ಹಾಗಾಗಿ ಮೊದಲ ಹದಿನೆಂಟು ನಿಮಿಷ ನಿದ್ದೆಗಣ್ಣಲ್ಲಿ ಕೂರುವಂತಿಲ್ಲ.

ಪದ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮನ್ನು ಕೆಡವಿದ್ದು ಗೊತ್ತಿಲ್ಲದ ಪದಗಳಿಗಿಂತ ಗೊತ್ತಿದೆ ಅಂದುಕೊಂಡ ಪದಗಳೇ ಇರಬೇಕು ಅನ್ನುವುದು ನನ್ನ ಅನುಮಾನ. "ಅವರಿಗೆ ಟೆಂಪರ್ ಜಾಸ್ತಿ" ಅಂತ ದಿನಾ ಹೇಳುತ್ತೇವೆ. ಜಿಆರ್‌ಇಯಲ್ಲಿ ಟೆಂಪರ್ ಬಂದರೆ ಹೆಚ್ಚಾಗಿ ಹದ ಮಾಡುವುದು, ಬಿರುಸು ತಗ್ಗಿಸುವುದು ಅಂತ ಅರ್ಥ. ಸೊಸೈಟಿಯಲ್ಲಿ ಲೋನ್ ಸ್ಯಾಂಕ್ಷನ್ ಆದರೆ ಖುಷಿ, ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರೆ ಅದು ಶಿಕ್ಷೆ. ಪರೀಕ್ಷೆಯಲ್ಲಿ ಕ್ವಾಲಿಫೈ ಆಗುವುದು ಗೊತ್ತು, ಆದರೆ ಲೇಖಕ ತನ್ನ ಮಾತನ್ನು ಕ್ವಾಲಿಫೈ ಮಾಡಿದ ಅಂದರೆ "ಇದು ಇಷ್ಟರ ಮಟ್ಟಿಗೆ ಮಾತ್ರ ನಿಜ" ಅಂತ ಮಿತಿ ಹಾಕಿದ ಎಂದು. ಫ್ಲ್ಯಾಗ್ ಅಂದರೆ ಬಾವುಟ, ಉತ್ಸಾಹ ಫ್ಲ್ಯಾಗ್ ಆಯಿತು ಅಂದರೆ ಕುಗ್ಗಿತು. ಈ ಪದಗಳು ಯಾವ "ಕಠಿಣ ಪದ" ಪಟ್ಟಿಯಲ್ಲೂ ಕಣ್ಣಿಗೆ ಬೀಳುವುದಿಲ್ಲ, ಬಿದ್ದರೂ ಗೊತ್ತಿದೆ ಅಂತ ದಾಟಿಹೋಗುತ್ತೀರಿ.

ಅದಕ್ಕಿಂತ ಮೋಸಗಾರರು ಮೂರು ಪುಟ್ಟ ಜೋಡಿಗಳು. "ಎನಿಥಿಂಗ್ ಬಟ್ ಸಿಂಪಲ್" ಅಂದರೆ ಸುಲಭವಂತೂ ಅಲ್ಲವೇ ಅಲ್ಲ. "ನಥಿಂಗ್ ಬಟ್" ಅಂದರೆ ಅದೊಂದೇ, ಬೇರೇನಿಲ್ಲ. "ಆಲ್ ಬಟ್" ಅಂದರೆ ಹೆಚ್ಚೂಕಡಿಮೆ. ಒಂದು ಕಾಡುಪ್ರಾಣಿ "ಆಲ್ ಬಟ್ ಎಕ್ಸ್‌ಟಿಂಕ್ಟ್" ಅಂತ ಇದ್ದರೆ ನಮ್ಮ ಮಕ್ಕಳಲ್ಲಿ ಅರ್ಧ ಜನ "ಅಳಿದಿಲ್ಲ, ಚೆನ್ನಾಗಿದೆ" ಅಂತ ಓದುತ್ತಾರೆ. ಅಲ್ಲಿಗೆ ವಾಕ್ಯವೇ ತಲೆಕೆಳಗು.

ಈಗ ನಿಜವಾದ ಕಷ್ಟದ ಜಾಗಕ್ಕೆ ಬರುತ್ತೇನೆ. ಈ ವಾಕ್ಯ ನೋಡಿ, ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ: "ದ ಥಿಯರಿ, ವಿಚ್ ಕ್ರಿಟಿಕ್ಸ್ ಹೂ ಹ್ಯಾಡ್ ನೆವರ್ ವಿಸಿಟೆಡ್ ದ ಫಾರೆಸ್ಟ್ ಡಿಸ್ಮಿಸ್ಡ್ ಆ್ಯಸ್ ಫ್ಯಾನ್ಸಿಫುಲ್, ಹ್ಯಾಸ್ ಸಿನ್ಸ್ ಬೀನ್ ಬೋರ್ನ್ ಔಟ್." ಇದರಲ್ಲಿ ನಿಮಗೆ ಗೊತ್ತಿಲ್ಲದ ಪದ ಬಹುಶಃ ಒಂದೂ ಇಲ್ಲ. ಆದರೂ ಮೊದಲ ಓದಿಗೆ ತಲೆ ಒಂಥರಾ ಆಗುತ್ತದೆ. ಯಾಕೆ? ಕನ್ನಡದಲ್ಲಿ ಇದನ್ನೇ ಹೇಳಿ: "ಕಾಡಿಗೆ ಕಾಲೇ ಇಡದ ವಿಮರ್ಶಕರು ಬರೀ ಕಲ್ಪನೆ ಅಂತ ತಳ್ಳಿಹಾಕಿದ್ದ ಆ ಸಿದ್ಧಾಂತ ಆಮೇಲೆ ನಿಜ ಅಂತ ಸಾಬೀತಾಗಿದೆ." ನಮ್ಮ ಮಾತಿನಲ್ಲಿ ಬಣ್ಣನೆ ಎಲ್ಲಾ ಮುಂದೆ ಬರುತ್ತದೆ, ಹೆಸರು ಆಮೇಲೆ, ಕ್ರಿಯಾಪದ ಕಟ್ಟಕಡೆಗೆ. ಇಂಗ್ಲಿಷ್‌ನಲ್ಲಿ ಹೆಸರು ಮೊದಲು ಬಂದು ನಿಂತುಬಿಡುತ್ತದೆ. ಬಣ್ಣನೆ ಬಾಲದ ಹಾಗೆ ಹಿಂದೆ ಬರುತ್ತದೆ, ಆ ಬಾಲಕ್ಕೆ ಇನ್ನೊಂದು ಬಾಲ. "ಥಿಯರಿ" ಯಾವ ಕ್ರಿಯಾಪದಕ್ಕಾಗಿ ಕಾಯುತ್ತಿದೆ ಅನ್ನುವುದೇ ಮರೆತುಹೋಗುತ್ತದೆ. ಮಧ್ಯೆ "ಡಿಸ್ಮಿಸ್ಡ್" ಕಂಡಿತು, ಅದೇ ಇರಬೇಕು ಅಂತ ಹಿಡಿದುಕೊಂಡಿರಿ, ಸಿದ್ಧಾಂತ ಬಿದ್ದುಹೋಯಿತು ಅಂದುಕೊಂಡಿರಿ. ಕೊನೆಯಲ್ಲಿ "ಬೋರ್ನ್" ಬಂದಾಗ ಹುಟ್ಟಿಗೂ ಇದಕ್ಕೂ ಏನು ಸಂಬಂಧ ಅಂತ ಇನ್ನಷ್ಟು ಗಲಿಬಿಲಿ. ಉತ್ತರ ಸರಿಯಾಗಿ ಉಲ್ಟಾ ಆಯಿತು.

ಹಾಗಾಗಿ ನನ್ನ ಸಲಹೆ ಕೋಚಿಂಗ್‌ನವರಿಗೆ ಅಷ್ಟು ಹಿಡಿಸುವುದಿಲ್ಲ. ಅವರು "ಇಂಗ್ಲಿಷ್‌ನಲ್ಲೇ ಯೋಚನೆ ಮಾಡಿ, ಕನ್ನಡ ಮರೆತುಬಿಡಿ" ಅನ್ನುತ್ತಾರೆ. ನಾನು ಹೇಳುವುದು, ಕಷ್ಟದ ವಾಕ್ಯ ಬಂದರೆ ಅದನ್ನು ಕನ್ನಡದಲ್ಲೋ ಅರೆಭಾಷೆಯಲ್ಲೋ ಅಮ್ಮನಿಗೆ ಹೇಳುವ ಹಾಗೆ ಒಂದು ಸಾಲಿನಲ್ಲಿ ಹೇಳಿಕೊಳ್ಳಿ. ಪದಕ್ಕೆ ಪದ ಅನುವಾದ ಬೇಡ. ಯಾರು, ಏನು ಮಾಡಿದರು, ಆಮೇಲೆ ಏನಾಯಿತು, ಅಷ್ಟೇ. ಹೇಳಲು ಬಂದರೆ ಅರ್ಥವಾಗಿದೆ. ಬರದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಅನ್ನುವುದು ಅಲ್ಲೇ ಕಾಣುತ್ತದೆ. ಶುರುವಿನಲ್ಲಿ ಇದಕ್ಕೆ ಸಮಯ ಹಿಡಿಯುತ್ತದೆ, ಅದು ಇದರ ದೋಷ. ಮೊದಲ ತಿಂಗಳು ಗಡಿಯಾರ ನೋಡಬೇಡಿ. ಎರಡನೇ ತಿಂಗಳಿಗೆ ಬಾಯಲ್ಲಿ ಹೇಳಬೇಕಾಗುವುದಿಲ್ಲ, ಓದುತ್ತಿದ್ದ ಹಾಗೇ ಒಳಗೆ ಆಗಿಬಿಡುತ್ತದೆ.

ಬಿಟ್ಟ ಜಾಗದ ಪ್ರಶ್ನೆಗೂ ಇದೇ ದಾರಿ. ಕನ್ನಡದಲ್ಲೇ ಒಂದು ಮಾಡಿ ತೋರಿಸುತ್ತೇನೆ. "ಮಾತು ಕಡಿಮೆ ಅಂತ ತೋಟದ ರೈಟರನ್ನು ______ ಅಂದುಕೊಂಡವರೆಲ್ಲ, ಅವರು ಇಡೀ ವರ್ಷದ ಕೂಲಿ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಬಾಯಲ್ಲೇ ಹೇಳಿದಾಗ ಸುಮ್ಮನಾದರು." ಆಯ್ಕೆಗಳು ಆರು: ಪೆದ್ದ, ಮಿತಭಾಷಿ, ಜಿಪುಣ, ದಡ್ಡ, ಮೌನಿ, ಮುಂಗೋಪಿ. ಇದರಲ್ಲಿ ಎರಡು ಆರಿಸಬೇಕು, ಎರಡೂ ವಾಕ್ಯಕ್ಕೆ ಒಂದೇ ಅರ್ಥ ಕೊಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಅಂಕ ಇಲ್ಲ. ಕನ್ನಡದಲ್ಲಿ ನಿಮಗೆ ತಡವೇ ಆಗಲಿಲ್ಲ, ಅಲ್ವಾ? ಪೆದ್ದ, ದಡ್ಡ. ಈಗ ಇದೇ ಇಂಗ್ಲಿಷ್‌ನಲ್ಲಿ ಬಂದರೆ ಏನಾಗುತ್ತದೆ? "ಮಾತು ಕಡಿಮೆ" ಅನ್ನುವುದನ್ನು ನೋಡಿದ ತಕ್ಷಣ ಪಟ್ಟಿಯಲ್ಲಿ ಉರು ಹೊಡೆದ ಎರಡು ಸಮಾನಪದ, ಮಿತಭಾಷಿ ಮತ್ತು ಮೌನಿ, ಕಣ್ಣಿಗೆ ಹೊಳೆಯುತ್ತವೆ. ಒತ್ತಿಬಿಡುತ್ತೀರಿ. ಪ್ರಶ್ನೆ ಬರೆದವರು ಆ ಜೋಡಿಯನ್ನು ನಿಮಗಾಗಿಯೇ ಇಟ್ಟಿರುತ್ತಾರೆ. ಜನ ಯಾಕೆ ಸುಮ್ಮನಾದರು ಅಂತ ಕೇಳಿಕೊಂಡವರು ಮಾತ್ರ ಅದರಲ್ಲಿ ಬೀಳುವುದಿಲ್ಲ. ಆದ್ದರಿಂದ ಆಯ್ಕೆಗಳ ಮೇಲೆ ಕೈ ಅಡ್ಡ ಇಟ್ಟು, ಆ ಜಾಗಕ್ಕೆ ನಿಮ್ಮದೇ ಒಂದು ಪದ ಹಾಕಿ. ಕನ್ನಡದ್ದಾದರೂ ಪರವಾಗಿಲ್ಲ. ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದ್ದು ಹುಡುಕಿ.

ಪ್ಯಾಸೇಜ್ ವಿಷಯದಲ್ಲಿ ನಿಮ್ಮಂಥವರಿಗೆ ಒಂದು ವಿಶೇಷ ಎಚ್ಚರಿಕೆ. ಒಂದು ಸಲ ಅಭ್ಯಾಸಕ್ಕೆ ಕೊಟ್ಟ ಪ್ಯಾಸೇಜ್ ನೆರಳಿನ ಕಾಫಿ ಮತ್ತು ಹಕ್ಕಿಗಳ ಬಗ್ಗೆ ಇತ್ತು. ನೆರಳು ಮರ ಇದ್ದ ಕಡೆಯೆಲ್ಲ ಹಕ್ಕಿ ಜಾಸ್ತಿ ಅನ್ನುವ ವಾದವನ್ನು ಲೇಖಕ ಪ್ರಶ್ನೆ ಮಾಡುತ್ತಿದ್ದ. ಸಿದ್ದಾಪುರ ಕಡೆಯ ಹುಡುಗನೊಬ್ಬ ಎಲ್ಲಾ ಪ್ರಶ್ನೆಗೂ ತಪ್ಪು ಉತ್ತರ ಹಾಕಿದ. ಯಾಕಪ್ಪಾ ಅಂದರೆ, "ಸರ್, ನಮ್ಮ ತೋಟದಲ್ಲಿ ಹಾಗೇ ಇದೆ, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಜಾಸ್ತಿ ಮಾಡಿದ ವರ್ಷ ಹಕ್ಕಿ ಕಡಿಮೆ" ಅಂದ. ಅವನು ಹೇಳಿದ್ದು ನಿಜವೇ ಇರಬಹುದು. ಆದರೆ ಪರೀಕ್ಷೆ ಅವನ ತೋಟವನ್ನು ಕೇಳಿರಲಿಲ್ಲ. ನಿಮಗೆ ಅರಣ್ಯಶಾಸ್ತ್ರ ಗೊತ್ತು, ಹಾಗಾಗಿ ಕಾಡಿನ ಪ್ಯಾಸೇಜ್ ಬಂದರೆ ಖುಷಿಯಾಗುತ್ತದೆ, ಓದದೆಯೇ ಉತ್ತರಿಸುತ್ತೀರಿ. ಅಲ್ಲಿ ಎರಡು ಪಟ್ಟು ಹುಷಾರಾಗಿರಿ. ಉತ್ತರಕ್ಕೆ ಸಾಕ್ಷಿ ಪ್ಯಾಸೇಜಿನ ಯಾವ ಸಾಲಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಆಗದಿದ್ದರೆ ಅದನ್ನು ಬಿಡಿ. "ಎಲ್ಲಾ", "ಎಂದಿಗೂ", "ಮಾತ್ರ" ಅನ್ನುವಂಥ ಖಡಕ್ ಮಾತಿರುವ ಆಯ್ಕೆಗಳನ್ನೂ ಒಂದು ಸಲ ಅನುಮಾನದಿಂದ ನೋಡಿ. ಪ್ಯಾಸೇಜಿನ ಪದಗಳನ್ನೇ ಎತ್ತಿ ಜೋಡಿಸಿದ ಆಯ್ಕೆಯಂತೂ ಬಲೆ ಇದ್ದ ಹಾಗೆ.

ಏನು ಓದಬೇಕು? ಇಂಗ್ಲಿಷ್ ಪೇಪರ್ ಓದಿ ಅಂತ ಎಲ್ಲರೂ ಹೇಳುತ್ತಾರೆ. ಸುದ್ದಿ ಓದುವುದರಿಂದ ಈ ಪರೀಕ್ಷೆಗೆ ಅಷ್ಟೇನೂ ಉಪಯೋಗ ಇಲ್ಲ, ಅದರ ವಾಕ್ಯಗಳು ಸಲೀಸು. ಒಬ್ಬರು ಇನ್ನೊಬ್ಬರ ಅಭಿಪ್ರಾಯ ಒಪ್ಪದೆ ವಾದ ಮಾಡುವ ಲೇಖನ ಬೇಕು: ಚರಿತ್ರೆ, ಚಿತ್ರಕಲೆ, ಸಾಹಿತ್ಯ ವಿಮರ್ಶೆ, ಸಮಾಜಶಾಸ್ತ್ರ. ಬೋರ್ ಹೊಡೆಸುವ ವಿಷಯವನ್ನೇ ಆರಿಸಿ, ಪರೀಕ್ಷೆಯಲ್ಲಿ ನಿಮ್ಮನ್ನು ಸೋಲಿಸುವುದು ಅದೇ. ದಿನಕ್ಕೆ ಒಂದೇ ಪುಟ ಸಾಕು. ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲಿನಲ್ಲಿ ಕನ್ನಡದಲ್ಲಿ ನಾಲ್ಕು ಪದ ಬರೆಯಿರಿ: "ಹಳೇ ಮಾತು ಹೇಳಿದ", "ಒಪ್ಪಲಿಲ್ಲ", "ಸ್ವಲ್ಪ ಒಪ್ಪಿದ", "ಉದಾಹರಣೆ ಕೊಟ್ಟ". ಲೇಖಕ ಏನು ಹೇಳಿದ ಅನ್ನುವುದಕ್ಕಿಂತ ಏನು ಮಾಡುತ್ತಿದ್ದಾನೆ ಅನ್ನುವುದು ಮುಖ್ಯ. ಎಷ್ಟೋ ಪ್ರಶ್ನೆಗಳು ಬರುವುದು ಅದರಿಂದ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಅಂಕ ಎಲ್ಲಿ ಸೋರಿತು ಅನ್ನುವುದನ್ನು ನಾನು ಇಲ್ಲಿ ಕೂತು ಊಹಿಸಬಾರದು. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ಪವರ್‌ಪ್ರೆಪ್ ಅಂತ ಎರಡು ಅಭ್ಯಾಸ ಪರೀಕ್ಷೆ ಉಚಿತವಾಗಿ ಕೊಡುತ್ತದೆ. ಒಂದನ್ನು ಈ ವಾರವೇ ಬರೆಯಿರಿ, ಇನ್ನೊಂದನ್ನು ಕೊನೆಗೆ ಉಳಿಸಿಕೊಳ್ಳಿ. ಆಮೇಲೆ ಒಂದು ನೋಟ್‌ಬುಕ್ ತೆಗೆದು, ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಪದ ಗೊತ್ತಿರಲಿಲ್ಲವೋ, ವಾಕ್ಯ ತಿರುಗಿದ್ದು ಕಾಣಲಿಲ್ಲವೋ, ಸಾಕ್ಷಿ ಇಲ್ಲದೆ ಒತ್ತಿದೆನೋ, ಸಮಯ ಮುಗಿಯಿತೋ. "ಕೇರ್‌ಲೆಸ್ ಮಿಸ್ಟೇಕ್" ಅಂತ ಮಾತ್ರ ಬರೆಯಬೇಡಿ, ಅದು ಕಾರಣವೇ ಅಲ್ಲ. ಹೊಸ ಪದಗಳೂ ಇದೇ ನೋಟ್‌ಬುಕ್ಕಿನಿಂದ ಬರಲಿ. ನೀವು ತಪ್ಪು ಮಾಡಿದ ವಾಕ್ಯದ ಸಮೇತ, ದಿನಕ್ಕೆ ಎಂಟು ಹತ್ತು. ಹಾಗೆ ಬಂದ ಪದ ಮರೆಯುವುದಿಲ್ಲ, ಬಿದ್ದ ಗಾಯದ ನೆನಪಿರುತ್ತದಲ್ಲ.

ಮತ್ತೆ ಬರೆಯಬೇಕಾ ಅನ್ನುವ ಪ್ರಶ್ನೆಗೆ, ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಅಮೆರಿಕದ ಎಷ್ಟೋ ವಿಭಾಗಗಳು, ಅದರಲ್ಲೂ ಜೀವವಿಜ್ಞಾನ, ಪರಿಸರ ವಿಜ್ಞಾನದವು, ಈಗ ಜಿಆರ್‌ಇ ಕೇಳುವುದನ್ನೇ ಬಿಟ್ಟಿವೆ. ನಿಮಗೆ ಬೇಕಾದ ಹತ್ತು ಕಡೆಯ ಪಟ್ಟಿ ಮಾಡಿ, ಪ್ರತಿ ವಿಭಾಗದ ಈ ವರ್ಷದ ನಿಯಮ ಓದಿ. ಒಂದೇ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಕೇಳುತ್ತದೆ, ಪಕ್ಕದ್ದು ಕೇಳುವುದಿಲ್ಲ. ಹತ್ತರಲ್ಲಿ ಎಂಟು ಕೇಳದಿದ್ದರೆ ತಯಾರಿಗೆ ಬೇಕಾಗುವ ಮೂರು ತಿಂಗಳನ್ನು ಪ್ರಾಧ್ಯಾಪಕರಿಗೆ ಒಳ್ಳೆಯ ಇಮೇಲ್ ಬರೆಯಲು, ನಿಮ್ಮ ಫೀಲ್ಡ್ ಕೆಲಸವನ್ನು ಚೆನ್ನಾಗಿ ವಿವರಿಸಲು ಬಳಸಿ. ಇದರ ಅಪಾಯ ಅಂದರೆ, ಬಿಟ್ಟುಹೋದ ಆ ಎರಡರಲ್ಲೇ ನಿಮಗೆ ಬೇಕಾದ ಗೈಡ್ ಇರಬಹುದು.

ಬರೆಯುವುದಾದರೆ ನಿಯಮ ಸಲೀಸಾಗಿದೆ. ಎರಡು ಪರೀಕ್ಷೆಗಳ ನಡುವೆ 21 ದಿನ ಅಂತರ ಬೇಕು, 12 ತಿಂಗಳಲ್ಲಿ ಐದು ಸಲ ಬರೆಯಬಹುದು, ಸ್ಕೋರ್ ಐದು ವರ್ಷ ನಡೆಯುತ್ತದೆ. ಯಾವ ದಿನದ ಸ್ಕೋರ್ ಕಳಿಸಬೇಕು ಅನ್ನುವುದು ನಿಮ್ಮ ಇಷ್ಟ. ಆದರೆ ಒಂದು ದಿನದ್ದನ್ನು ಇಡಿಯಾಗಿ ಕಳಿಸಬೇಕು. ಮಾರ್ಚ್‌ನ ಕ್ವಾಂಟ್ ಮತ್ತು ಸೆಪ್ಟೆಂಬರ್‌ನ ವರ್ಬಲ್ ಅಂತ ಹೆಕ್ಕಿ ಜೋಡಿಸಲು ಆಗುವುದಿಲ್ಲ. ಹಾಗಾಗಿ ವರ್ಬಲ್ ಹಿಂದೆ ಬಿದ್ದು ಕ್ವಾಂಟ್ ಮರೆತರೆ 157 ಕೈಬಿಟ್ಟು ಹೋಗಬಹುದು. ವಾರಕ್ಕೆ ಎರಡು ದಿನ ಅದಕ್ಕೂ ಇಡಿ. ನಿಮ್ಮ ಸ್ಥಿತಿಯಲ್ಲಿ ಮೂರು ತಿಂಗಳ ನಿಯತ್ತಿನ ಓದಿಗೆ 150ರಿಂದ 153 ಅಂದಾಜಿಗೆ ಸಿಗುವಂಥದ್ದು. ಒಂದು ತಿಂಗಳಲ್ಲಿ 160 ಅನ್ನುವ ಜಾಹೀರಾತು ಕಂಡರೆ ಪುಟ ತಿರುಗಿಸಿ.

ಕೋಚಿಂಗ್ ಬಗ್ಗೆ ನನ್ನದು ಅರೆಮನಸ್ಸು. ಒಂದು ಶಿಸ್ತು ಸಿಗುತ್ತದೆ, ಜೊತೆಗೆ ಓದುವವರು ಸಿಗುತ್ತಾರೆ, ಅದು ಸಣ್ಣದಲ್ಲ. ಆದರೆ ಫೀಸಿನ ಜೊತೆ ಬೆಂಗಳೂರಿನ ಪಿಜಿ ಬಾಡಿಗೆ, ಊಟ ಎಲ್ಲಾ ಕೂಡಿಸಿ ನೋಡಿ. ಇಂಜಿನಿಯರಿಂಗ್ ಮಕ್ಕಳೇ ತುಂಬಿದ ಬ್ಯಾಚುಗಳಲ್ಲಿ ವರ್ಬಲ್ ಪಾಠ ಅಂದರೆ ಅದೇ ಪದಪಟ್ಟಿ ಹಂಚುವುದಾಗಿರುತ್ತದೆ. ನೀವು ಆಗಲೇ ಆ ದಾರಿ ನಡೆದು ನೋಡಿದ್ದೀರಿ. ಸೇರುವುದೇ ಆದರೆ ಒಂದು ಡೆಮೊ ಕ್ಲಾಸಿಗೆ ಕೂತು, ಮೇಷ್ಟ್ರು ತಪ್ಪು ಆಯ್ಕೆ ಯಾಕೆ ತಪ್ಪು ಅಂತ ವಿವರಿಸುತ್ತಾರಾ ನೋಡಿ. ಸರಿ ಉತ್ತರ ಮಾತ್ರ ಹೇಳಿ ಮುಂದೆ ಹೋದರೆ ಎದ್ದು ಬನ್ನಿ.

ಇನ್ನು ಮನೆಯಲ್ಲಿ ಬರೆಯುವ ಪರೀಕ್ಷೆ. ಪ್ರಶ್ನೆಗಳು ಅವೇ, ಸ್ಕೋರಿಗೆ ಬೆಲೆಯೂ ಅಷ್ಟೇ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬೇಕು, ಕ್ಯಾಮರಾದಲ್ಲಿ ಒಬ್ಬರು ನೋಡುತ್ತಿರುತ್ತಾರೆ, ಮಧ್ಯೆ ಬ್ರೇಕ್ ಇಲ್ಲ, ಸಾಮಾನ್ಯ ಹಾಳೆಯ ಮೇಲೆ ಬರೆಯುವಂತಿಲ್ಲ, ಒರೆಸಿ ಬರೆಯುವ ಪುಟ್ಟ ಬೋರ್ಡ್ ಬೇಕು. ಇದೆಲ್ಲಾ ಹೊಂದಿಸಬಹುದು. ಹೊಂದಿಸಲಾಗದ್ದು ಮಳೆ. ಜುಲೈನಲ್ಲಿ ಭಾಗಮಂಡಲ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಎಷ್ಟು ದಿನಕ್ಕೆ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಯುಪಿಎಸ್ ಲ್ಯಾಪ್‌ಟಾಪನ್ನು ಉಳಿಸುತ್ತದೆ, ಟವರನ್ನು ಉಳಿಸುವುದಿಲ್ಲ. ನಡುವೆ ನೆಟ್ ಹೋದರೆ ಕಟ್ಟಿದ ದುಡ್ಡಿಗಿಂತ ಹೆಚ್ಚಾಗಿ ನಿಮ್ಮ ಮನಸ್ಸು ಕೆಡುತ್ತದೆ. ಮಳೆಗಾಲವನ್ನು ಓದಿಗೆ ಇಟ್ಟುಕೊಳ್ಳಿ, ಹೇಗೂ ಹೊರಗೆ ಹೋಗಲು ಆಗುವುದಿಲ್ಲ. ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ ಕೇಂದ್ರದಲ್ಲಿ ದಿನಾಂಕ ಹಿಡಿಯಿರಿ. ಸರಿ ಬರದಿದ್ದರೆ 21 ದಿನ ಬಿಟ್ಟು, ಕಾವೇರಿ ಸಂಕ್ರಮಣದ ಗದ್ದಲ ಮುಗಿದ ಮೇಲೆ ಇನ್ನೊಂದು ಸಲ ಬರೆಯಲು ಜಾಗ ಇರುತ್ತದೆ. ಅರ್ಜಿಗಳ ಕೊನೆ ದಿನ ಬಹುಪಾಲು ಡಿಸೆಂಬರ್‌ನಿಂದ ಶುರು. ಮನೆಯಲ್ಲಿ ಕಾಫಿ ಕುಯ್ಲೂ ಅದೇ ಹೊತ್ತಿಗೆ ಬರುತ್ತದೆ, ಆಗ ಯಾರೂ ನಿಮ್ಮನ್ನು ಓದಲು ಬಿಡುವುದಿಲ್ಲ.

ಪರೀಕ್ಷೆಯ ಹಿಂದಿನ ದಿನವೇ ಬೆಂಗಳೂರು ತಲುಪಿ. ರಾತ್ರಿ ಬಸ್ಸಿನಲ್ಲಿ ಹೊರಟು, ಮುಖ ತೊಳೆದು ನೇರ ಪರೀಕ್ಷೆಗೆ ಕೂರುವ ಸಾಹಸ ಬೇಡ. ದೊಡ್ಡಪ್ಪನ ಮಗ ಅಲ್ಲೇ ಇದ್ದಾರಲ್ಲ, ಪದಪಟ್ಟಿಯ ಬದಲು ಈ ಸಲ ಒಂದು ರಾತ್ರಿ ಮಲಗಲು ಜಾಗ ಕೇಳಿ.